ಮೀನು ಮಾರ್ಕೆಟ್ಟಿನ ಲೆಕ್ಕ ಮಾಡಿದ ಗಣಿತದ ಮೇಷ್ಟ್ರು

ವೊಲ್ಟೆರಾ ಅನ್ನೋ ಹೆಸರನ್ನ ನಾವು ಮೊದಲು ನೋಡಿದ್ದು ಲ್ಯಾಬ್ ಮ್ಯಾನುಯಲ್‌ನಲ್ಲಿ. ಡಿಫರೆನ್ಷಿಯಲ್ ಈಕ್ವೇಶನ್ ಬಿಡಿಸೋಕೆ ಪ್ರೋಗ್ರಾಂ ಬರೀರಿ ಅಂತ ಕೊಟ್ಟಿದ್ದ ಪ್ರಶ್ನೆಯಲ್ಲಿ ಒಂದಿಷ್ಟು ಮೊಲ, ಒಂದಿಷ್ಟು ನರಿ ಇದ್ವು. ಕೋಡ್ ಬರೆದ್ವಿ, ಸ್ಕ್ರೀನ್ ಮೇಲೆ ಎರಡು ಅಲೆ ಬಂತು, ರೆಕಾರ್ಡ್‌ಗೆ ಸಹಿ ಹಾಕಿಸ್ಕೊಂಡ್ವಿ, ಕ್ಯಾಂಟೀನಿಗೆ ಹೋದ್ವಿ. ಕತೆ ಅಲ್ಲಿಗೇ ಮುಗೀತು ಅಂದ್ಕೊಂಡಿದ್ವಿ.

ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ವೊಲ್ಟೆರಾ ಅವರ ಲೆಕ್ಕದಲ್ಲಿ ಮೊಲನೂ ಇರ್ಲಿಲ್ಲ, ನರಿನೂ ಇರ್ಲಿಲ್ಲ. ಅಲ್ಲಿದ್ದದ್ದು ಮೀನು. ಅದೂ ಪುಸ್ತಕದ ಮೀನಲ್ಲ, ಮೂರು ಬಂದರಿನ ಮಾರ್ಕೆಟ್ಟಿನಲ್ಲಿ ಯುದ್ಧದ ವರ್ಷಗಳಲ್ಲಿ ಮಾರಾಟವಾದ ನಿಜವಾದ ಮೀನು. ಡೇಟಾ ಸೈನ್ಸ್ ಅನ್ನೋ ಪದ ಹುಟ್ಟೋಕೆ ಎಷ್ಟೋ ವರ್ಷ ಮೊದಲೇ, ಮಾರ್ಕೆಟ್ಟಿನ ಲೆಕ್ಕದ ಪುಸ್ತಕ ನೋಡಿ ಸಮುದ್ರದೊಳಗೆ ಏನಾಗ್ತಿದೆ ಅಂತ ಕೇಳಿದವರ ಕತೆ ಇದು. ಅವರ ಹೆಸರು ವಿಟೊ ವೊಲ್ಟೆರಾ.

ಬ್ಯಾಂಕ್ ಕೆಲಸ ಬೇಡ ಅಂದ ಹುಡುಗ

ವಿಟೊ ಹುಟ್ಟಿದ್ದು 1860ರ ಮೇ 3ರಂದು, ಇಟಲಿಯ ಏಡ್ರಿಯಾಟಿಕ್ ಕರಾವಳಿಯ ಆಂಕೋನಾ ಅನ್ನೋ ಬಂದರು ಊರಲ್ಲಿ. ಯಹೂದಿ ಕುಟುಂಬ, ತಂದೆಗೆ ಬಟ್ಟೆ ವ್ಯಾಪಾರ. ಕೂಸಿಗೆ ಕೆಲವೇ ತಿಂಗಳಾಗಿದ್ದಾಗ ಊರಿಗೆ ಸೈನ್ಯ ಮುತ್ತಿಗೆ ಹಾಕಿತು, ಹತ್ತಿರದಲ್ಲೇ ಬಾಂಬ್ ಬಿದ್ದು ತೊಟ್ಟಿಲು ಹಾಳಾಯ್ತು, ಕೂಸು ಮಾತ್ರ ಉಳೀತು ಅಂತ ಹೇಳ್ತಾರೆ. ಎರಡು ವರ್ಷಕ್ಕೇ ತಂದೆ ತೀರಿಕೊಂಡರು. ತಾಯಿ ಆಂಜೆಲಿಕಾ ಮಗುವನ್ನ ಎತ್ತಿಕೊಂಡು ತಮ್ಮ ಸಹೋದರನ ಮನೆ ಸೇರಿದರು. ಆ ಸೋದರಮಾವ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದರು. ವಿಟೊ ಬೆಳೆದದ್ದು ಹೆಚ್ಚಾಗಿ ಫ್ಲಾರೆನ್ಸ್ ನಗರದಲ್ಲಿ.

ಹನ್ನೊಂದನೇ ವಯಸ್ಸಿಗೆ ದೊಡ್ಡವರ ಗಣಿತದ ಪುಸ್ತಕ ಹಿಡಿದು ಕೂತ ಹುಡುಗ ಇವನು. ಹದಿಮೂರಕ್ಕೆ ಜೂಲ್ಸ್ ವರ್ನ್ ಬರೆದ ಚಂದ್ರಯಾನದ ಕಾದಂಬರಿ ಓದಿದ. ನಾವಾಗಿದ್ರೆ ಓದಿ ಪಕ್ಕಕ್ಕಿಡ್ತಿದ್ವಿ. ಇವನು, ಭೂಮಿ ಮತ್ತು ಚಂದ್ರ ಎರಡೂ ಎಳೆಯುತ್ತಿರುವಾಗ ನಡುವೆ ಹಾರುವ ಗುಂಡಿನ ದಾರಿ ಹೇಗಿರತ್ತೆ ಅಂತ ಲೆಕ್ಕ ಹಾಕೋಕೆ ಕೂತ. ಅದು ಸುಲಭದ ಲೆಕ್ಕ ಅಲ್ಲ. ಅದಕ್ಕೆ ಅವನು ಹುಡುಕಿಕೊಂಡ ಉಪಾಯ ಏನಂದ್ರೆ, ಕಾಲವನ್ನ ಸಣ್ಣ ಸಣ್ಣ ತುಂಡು ಮಾಡೋದು, ಒಂದೊಂದು ತುಂಡಿನಲ್ಲೂ ಬಲ ಬದಲಾಗಲ್ಲ ಅಂತ ಇಟ್ಕೊಂಡು ಮುಂದಕ್ಕೆ ಹೆಜ್ಜೆ ಹಾಕೋದು. ನಾವು ಲ್ಯಾಬಿನಲ್ಲಿ ಮಾಡೋ ಟೈಮ್ ಸ್ಟೆಪ್ ಲೂಪ್ ಇದೇ ಅಲ್ವಾ? ನಮಗೆ ಕಂಪ್ಯೂಟರ್ ಇದೆ, ಅವನಿಗೆ ಪೆನ್ಸಿಲ್ ಇತ್ತು, ಅಷ್ಟೇ ವ್ಯತ್ಯಾಸ.

ಮನೆಯಲ್ಲಿ ದುಡ್ಡಿರಲಿಲ್ಲ. ಹುಡುಗ ಬೇಗ ಕೆಲಸಕ್ಕೆ ಸೇರಲಿ, ಬ್ಯಾಂಕ್ ಆದ್ರೆ ಒಳ್ಳೇದು ಅಂತ ಮನೆಯವರ ಆಸೆ. ಈ ಸೀನ್ ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲೂ ಆಗಿದೆ, ಬಿಡಿಸಿ ಹೇಳೋದು ಬೇಡ. ಬುದ್ಧಿ ಹೇಳೋಕೆ ಅಂತ ಸಂಬಂಧಿಕರಾದ ಎಡುವಾರ್ಡೊ ಅನ್ನೋ ಎಂಜಿನಿಯರ್ ಒಬ್ಬರನ್ನ ಕರೆಸಿದರು. ಅವರು ಬಂದು ಹುಡುಗನ ಜೊತೆ ಮಾತಾಡಿದ ಮೇಲೆ ಕತೆ ಉಲ್ಟಾ ಆಯ್ತು. ಇವನನ್ನ ಓದಿಸಲೇಬೇಕು ಅಂತ ಮನೆಯವರಿಗೇ ಬುದ್ಧಿ ಹೇಳಿ ಹೋದರು. ರೊಯಿಟಿ ಅನ್ನೋ ಭೌತಶಾಸ್ತ್ರದ ಪ್ರೊಫೆಸರ್, ಹುಡುಗ ಇನ್ನೂ ಯೂನಿವರ್ಸಿಟಿ ಮೆಟ್ಟಿಲು ಹತ್ತುವ ಮೊದಲೇ ತಮ್ಮ ಲ್ಯಾಬಿನಲ್ಲಿ ಸಹಾಯಕನ ಕೆಲಸ ಕೊಟ್ಟರು. ಮುಂದೆ 1900ರಲ್ಲಿ ವಿಟೊ ಮದುವೆಯಾದದ್ದು ಇದೇ ಎಂಜಿನಿಯರ್ ಮಗಳು ವರ್ಜೀನಿಯಾ ಅವರನ್ನ.

1882ರಲ್ಲಿ ಪೀಸಾದಲ್ಲಿ ಡಾಕ್ಟರೇಟ್. 1883ರಲ್ಲಿ, 23ನೇ ವಯಸ್ಸಿಗೆ, ಅಲ್ಲೇ ಪ್ರೊಫೆಸರ್. ಆಮೇಲೆ ಟ್ಯುರಿನ್, 1900ರಿಂದ ರೋಮ್. ಹಿಂದಿನದ್ದೆಲ್ಲ ಇಂದಿನ ಮೇಲೆ ಹೇಗೆ ಪರಿಣಾಮ ಬೀರುತ್ತದೆ ಅನ್ನೋದನ್ನ ಬರೆಯೋಕೆ ಬಳಸುವ ಇಂಟಿಗ್ರಲ್ ಈಕ್ವೇಶನ್‌ಗಳಿಗೆ ಇವತ್ತಿಗೂ ಅವರ ಹೆಸರೇ ಇದೆ. 1905ರಲ್ಲಿ ಸೆನೆಟರ್ ಆದರು. ಗಣಿತವನ್ನ ಜೀವಶಾಸ್ತ್ರಕ್ಕೂ ಸಮಾಜಶಾಸ್ತ್ರಗಳಿಗೂ ಹಚ್ಚಬಹುದಾ ಅನ್ನೋದರ ಬಗ್ಗೆ 1901ರಷ್ಟು ಹಿಂದೆಯೇ ರೋಮ್‌ನಲ್ಲಿ ಭಾಷಣ ಮಾಡಿದ್ದರು. 1906ರಲ್ಲಿ ಪರೇಟೊ ಅವರ ಅರ್ಥಶಾಸ್ತ್ರದ ಪುಸ್ತಕ ಬಂದಾಗ ಅದನ್ನ ವಿಮರ್ಶೆ ಮಾಡಿ, ಅದರ ಗಣಿತದಲ್ಲಿದ್ದ ಒಂದು ತೊಡಕನ್ನೂ ಎತ್ತಿ ತೋರಿಸಿದರು. ಅಂದ್ರೆ ಮಾರ್ಕೆಟ್ಟು, ಬೆಲೆ, ಜೀವಿಗಳು ಇವೆಲ್ಲ ಅವರಿಗೆ ದೂರದ ವಿಷಯ ಆಗಿರಲಿಲ್ಲ. ಸಮುದ್ರವೂ ಅಷ್ಟೇ. ಇಟಲಿಯ ಸಮುದ್ರಗಳನ್ನ ಅಧ್ಯಯನ ಮಾಡೋಕೆ 1910ರ ಹೊತ್ತಿಗೆ ಒಂದು ಸರ್ಕಾರಿ ಸಮಿತಿ ಕಟ್ಟುವುದರಲ್ಲಿ ಅವರು ಮುಂದೆ ನಿಂತಿದ್ದರು.

ಅಳಿಯ ತಂದ ಪ್ರಶ್ನೆ

1915ರಲ್ಲಿ ಇಟಲಿ ಮೊದಲ ಮಹಾಯುದ್ಧಕ್ಕೆ ಇಳಿಯಿತು. ವೊಲ್ಟೆರಾ ಅವರಿಗೆ ಆಗ 55. ಮನೆಯಲ್ಲಿ ಕೂರುವ ವಯಸ್ಸಿನಲ್ಲಿ ಸೈನ್ಯದ ಎಂಜಿನಿಯರಿಂಗ್ ವಿಭಾಗಕ್ಕೆ ಸೇರಿ, ಆಕಾಶನೌಕೆಗಳ ಮೇಲೆ ಕೆಲಸ ಮಾಡಿದರು. ಬೆಂಕಿ ಹತ್ತುವ ಹೈಡ್ರೋಜನ್ ಬದಲು ಹೀಲಿಯಂ ತುಂಬೋಣ ಅಂತ ಹೇಳಿದವರಲ್ಲಿ ಅವರೂ ಒಬ್ಬರು. ಅದೇ ಯುದ್ಧ ಏಡ್ರಿಯಾಟಿಕ್ ಸಮುದ್ರದಲ್ಲಿ ಇನ್ನೊಂದು ಕೆಲಸ ಮಾಡಿತ್ತು. ನೀರಲ್ಲಿ ಮೈನುಗಳು, ಮೇಲೆ ಯುದ್ಧನೌಕೆಗಳು. ಮೀನುಗಾರರು ಹೊರಗೆ ಹೋಗೋದೇ ಕಡಿಮೆಯಾಯ್ತು.

ಯುದ್ಧ ಮುಗಿದ ಮೇಲೆ ಉಂಬರ್ಟೊ ಡಾಂಕೋನಾ ಅನ್ನೋ ಯುವ ಪ್ರಾಣಿಶಾಸ್ತ್ರಜ್ಞ ಟ್ರಿಯೆಸ್ಟೆ, ವೆನಿಸ್, ಫಿಯೂಮೆ ಈ ಮೂರು ಬಂದರುಗಳ ಮೀನು ಮಾರ್ಕೆಟ್ಟಿನ ಲೆಕ್ಕ ತೆಗೆದು ಕೂತರು. ಫಿಯೂಮೆ ಅವರ ಹುಟ್ಟೂರು, ಈಗ ಅದು ಕ್ರೊಯೇಷಿಯಾದ ರಿಯೆಕಾ. ಒಟ್ಟು ಮೀನಿನಲ್ಲಿ ಶಾರ್ಕ್, ತೊರಕೆ ಜಾತಿಯವು ಶೇಕಡಾ ಎಷ್ಟು ಅಂತ ವರ್ಷವರ್ಷಕ್ಕೂ ಲೆಕ್ಕ ಹಾಕಿದರು. ಇವು ಬೇರೆ ಮೀನುಗಳನ್ನ ತಿಂದು ಬದುಕುವ ಬೇಟೆಗಾರ ಮೀನುಗಳು. ಫಿಯೂಮೆಯ ಅಂಕಿ ಹೀಗಿತ್ತು: 1914ರಲ್ಲಿ 11.9, 1915ರಲ್ಲಿ 21.4, 1916ರಲ್ಲಿ 22.1, 1917ರಲ್ಲಿ 21.2, 1918ರಲ್ಲಿ 36.4, 1919ರಲ್ಲಿ 27.3, 1920ರಲ್ಲಿ 16.0, 1921ರಲ್ಲಿ 15.9, 1922ರಲ್ಲಿ 14.8, 1923ರಲ್ಲಿ 10.7.

ಒಂದು ಸಾರಿ ಈ ಹತ್ತು ಅಂಕಿಗಳನ್ನ ಪ್ಲಾಟ್ ಮಾಡಿ ನೋಡಿ. ಯುದ್ಧ ಶುರುವಾದ ಮೇಲೆ ಬೇಟೆಗಾರ ಮೀನುಗಳ ಪಾಲು ಏರಿದೆ, ಯುದ್ಧ ಮುಗಿದು ದೋಣಿಗಳು ಮತ್ತೆ ಇಳಿದ ಮೇಲೆ ವಾಪಸ್ ಇಳಿದಿದೆ. ಮೀನು ಹಿಡಿಯೋದು ಕಡಿಮೆ ಆದ್ರೆ ಎಲ್ಲಾ ಮೀನೂ ಹೆಚ್ಚಾಗಬೇಕು, ಸರಿ. ಆದ್ರೆ ಶಾರ್ಕಿಗೇ ಯಾಕೆ ಹೆಚ್ಚು ಲಾಭ? ಸಣ್ಣ ಮೀನಿಗೆ ಯಾಕಿಲ್ಲ?

ಡಾಂಕೋನಾ ಆಗ ವೊಲ್ಟೆರಾ ಅವರ ಮಗಳು ಲೂಯಿಸಾ ಅವರನ್ನ ಮದುವೆ ಆಗುವವರಿದ್ದರು. 1925ರ ಕೊನೆಗೆ ಈ ಪ್ರಶ್ನೆಯನ್ನ ಭಾವೀ ಮಾವನ ಮುಂದಿಟ್ಟರು. ಮಾವನಿಗೆ 65 ವರ್ಷ. ಜಗತ್ತಿಗೆಲ್ಲ ಹೆಸರು ಗೊತ್ತಿದ್ದ ಗಣಿತಜ್ಞ. ಮೀನು ಮಾರ್ಕೆಟ್ಟಿನ ಲೆಕ್ಕ ನನಗ್ಯಾಕೆ ಅಂತ ಅವರು ತಳ್ಳಿಹಾಕಬಹುದಿತ್ತು. ತಳ್ಳಿಹಾಕಲಿಲ್ಲ, ಕೆಲಸಕ್ಕೆ ಕೂತರು.

ಲೆಕ್ಕ ಏನು ಹೇಳಿತು

ವೊಲ್ಟೆರಾ ಮಾಡಿದ ಮಾಡೆಲ್ ನಮಗೆ ಪರಿಚಯದ್ದೇ. ಸಣ್ಣ ಮೀನು ತನ್ನ ಪಾಡಿಗೆ ಬಿಟ್ಟರೆ ಬೆಳೆಯುತ್ತದೆ, ಬೇಟೆಗಾರ ಮೀನು ಸಿಕ್ಕಿದರೆ ಕಮ್ಮಿಯಾಗುತ್ತದೆ. ಬೇಟೆಗಾರ ಮೀನು ತಿನ್ನೋಕೆ ಸಿಗದಿದ್ದರೆ ಸಾಯುತ್ತದೆ, ಸಿಕ್ಕರೆ ಬೆಳೆಯುತ್ತದೆ. ಎರಡು ಈಕ್ವೇಶನ್, ಒಂದರ ಒಳಗೆ ಇನ್ನೊಂದು.

ನಾವೇ ಸುಮ್ಮನೆ ಕೆಲವು ಅಂಕಿ ಹಾಕ್ಕೊಂಡು ನೋಡೋಣ. ಇವು ಯಾವ ಸಮುದ್ರದವೂ ಅಲ್ಲ, ಅರ್ಥ ಆಗ್ಲಿ ಅಂತ ಅಷ್ಟೇ. ಸಣ್ಣ ಮೀನಿನ ಬೆಳವಣಿಗೆಯ ದರ 1 ಅಂತಿರಲಿ. ಒಂದೊಂದು ಬೇಟೆಗಾರ ಮೀನೂ ಅದರಿಂದ 0.1 ಕಿತ್ಕೊಳ್ಳುತ್ತದೆ. ಹಾಗಾದ್ರೆ ಸಣ್ಣ ಮೀನಿನ ಸಂಖ್ಯೆ ಹೆಚ್ಚೂ ಆಗದೆ ಕಮ್ಮಿಯೂ ಆಗದೆ ನಿಲ್ಲಬೇಕಾದ್ರೆ ಬೇಟೆಗಾರ ಮೀನು 10 ಇರಬೇಕು. ಬೇಟೆಗಾರ ಮೀನಿನ ಸಾವಿನ ದರ 0.5, ಒಂದೊಂದು ಸಣ್ಣ ಮೀನಿನಿಂದ ಅದಕ್ಕೆ 0.02 ಲಾಭ ಅಂದ್ಕೊಂಡ್ರೆ, ಅದು ನಿಲ್ಲೋಕೆ ಸಣ್ಣ ಮೀನು 25 ಇರಬೇಕು. ಇಲ್ಲೊಂದು ತಮಾಷೆ ಗಮನಿಸಿದ್ರಾ? ಬೇಟೆಗಾರ ಎಷ್ಟಿರಬೇಕು ಅನ್ನೋದನ್ನ ಸಣ್ಣ ಮೀನಿನ ಬೆಳವಣಿಗೆ ತೀರ್ಮಾನ ಮಾಡತ್ತೆ. ಸಣ್ಣ ಮೀನು ಎಷ್ಟಿರಬೇಕು ಅನ್ನೋದನ್ನ ಬೇಟೆಗಾರನ ಸಾವು ತೀರ್ಮಾನ ಮಾಡತ್ತೆ.

ಈಗ ಬಲೆ ಬೀಸೋಣ. ಬಲೆ ಎರಡನ್ನೂ 0.2 ದರದಲ್ಲಿ ಹಿಡಿಯತ್ತೆ ಅಂತಿಟ್ಕೊಳ್ಳಿ. ಸಣ್ಣ ಮೀನಿನ ಬೆಳವಣಿಗೆ 1ರಿಂದ 0.8ಕ್ಕೆ ಇಳಿಯಿತು, ಹಾಗಾಗಿ ಬೇಟೆಗಾರ 10ರಿಂದ 8ಕ್ಕೆ. ಬೇಟೆಗಾರನ ಸಾವು 0.5ರಿಂದ 0.7ಕ್ಕೆ ಏರಿತು, ಹಾಗಾಗಿ ಸಣ್ಣ ಮೀನು 25ರಿಂದ 35ಕ್ಕೆ. ಬಲೆ ಬೀಸಿದ ಮೇಲೆ ಸಣ್ಣ ಮೀನು ಹೆಚ್ಚಾಯ್ತು! ಬಲೆ ನಿಲ್ಲಿಸಿದ್ರೆ ಇದೇ ಉಲ್ಟಾ, ಬೇಟೆಗಾರ ಹೆಚ್ಚು, ಸಣ್ಣ ಮೀನು ಕಮ್ಮಿ. ಯುದ್ಧದ ವರ್ಷಗಳಲ್ಲಿ ಫಿಯೂಮೆಯಲ್ಲಿ ಕಂಡದ್ದು ಇದೇ ಅಂತ ವೊಲ್ಟೆರಾ ಹೇಳಿದರು. ನಿಜದಲ್ಲಿ ಸಂಖ್ಯೆ ಒಂದೇ ಕಡೆ ನಿಲ್ಲಲ್ಲ, ಸುತ್ತು ಹೊಡೀತಾ ಇರತ್ತೆ. ಆದ್ರೆ ಈಕ್ವೇಶನ್ನನ್ನ ಆ ಮೀನಿನ ಸಂಖ್ಯೆಯಿಂದ ಭಾಗಿಸಿ ಒಂದು ಪೂರ್ತಿ ಸುತ್ತಿಗೆ ಇಂಟಿಗ್ರೇಟ್ ಮಾಡಿದ್ರೆ ಲಾಗರಿದಮ್ ಹೊರಟ ಜಾಗಕ್ಕೇ ಬಂದು ಸೊನ್ನೆ ಆಗತ್ತೆ, ಹಾಗಾಗಿ ಸರಾಸರಿಗೂ ಇದೇ ಉತ್ತರ. ಪರೀಕ್ಷೆಗೆ ಕೂತ ಯಾರಾದ್ರೂ ಒಂದು ಪುಟದಲ್ಲಿ ಮುಗಿಸಬಹುದು.

ಇನ್ನೊಂದು ಮಾತೂ ಅದೇ ಲೆಕ್ಕದಲ್ಲಿದೆ. ಬಲೆಯ ದರ 1 ಮುಟ್ಟಿದ್ರೆ ಏನಾಗತ್ತೆ? ಸಣ್ಣ ಮೀನಿನ ಬೆಳವಣಿಗೆಯನ್ನೆಲ್ಲ ಬಲೆಯೇ ತಿಂದುಬಿಡತ್ತೆ. ಬೇಟೆಗಾರನಿಗೆ ಏನೂ ಉಳಿಯಲ್ಲ. ಅದನ್ನೂ ದಾಟಿದ್ರೆ ಎರಡೂ ಖಾಲಿ. ಅಂದ್ರೆ ಮೀನು ಹಿಡಿಯೋದು ತಪ್ಪಲ್ಲ, ಆದ್ರೆ ಒಂದು ಗಡಿ ಇದೆ. ಸುಸ್ಥಿರ ಮೀನುಗಾರಿಕೆ ಅಂತ ನಾವು ಇವತ್ತು ದೊಡ್ಡ ಪದ ಬಳಸ್ತೀವಲ್ಲ, ಅದರ ತಿರುಳು ಈ ಗಡಿಯಲ್ಲಿದೆ.

ಈ ಕೆಲಸ 1926ರಲ್ಲಿ ಲಿಂಚೆಯಿ ಅಕಾಡೆಮಿಯಲ್ಲಿ ಪ್ರಕಟವಾಯಿತು, ಅದೇ ವರ್ಷ ನೇಚರ್ ಪತ್ರಿಕೆಯಲ್ಲಿ ಚಿಕ್ಕದಾಗಿ ಬಂತು. ಅದನ್ನ ನೋಡಿದ ಆಲ್ಫ್ರೆಡ್ ಲೊಟ್ಕಾ ಅಮೆರಿಕದಿಂದ ಬರೆದರು, ಈ ಈಕ್ವೇಶನ್‌ಗಳು ತಮ್ಮ 1925ರ ಪುಸ್ತಕದಲ್ಲೇ ಇವೆ ಅಂತ. ವೊಲ್ಟೆರಾ ಜಗಳಕ್ಕೆ ಇಳಿಯಲಿಲ್ಲ. ಅಲ್ಲಿಯವರೆಗೆ ತಮಗೆ ಆ ಕೆಲಸ ಗೊತ್ತಿರಲಿಲ್ಲ ಅಂತ ಹೇಳಿ, ಲೊಟ್ಕಾ ಮೊದಲು ಮಾಡಿದ್ದನ್ನ ಅದೇ ಪತ್ರಿಕೆಯಲ್ಲಿ ಒಪ್ಪಿಕೊಂಡರು, ತಮ್ಮದು ಎಲ್ಲಿ ಬೇರೆ ಅನ್ನೋದನ್ನೂ ಹೇಳಿದರು. ನಮ್ಮ ಪುಸ್ತಕಗಳಲ್ಲಿ ಇಬ್ಬರ ಹೆಸರೂ ಜೊತೆಗೆ ಇರೋದು ಅದಕ್ಕೇ.

ಮಾರ್ಕೆಟ್ಟು ಬೇರೆ, ಸಮುದ್ರ ಬೇರೆ

ಇಲ್ಲಿ ಒಂದು ಮಾತು ಹೇಳದಿದ್ರೆ ತಪ್ಪಾಗತ್ತೆ. ಮಾಡೆಲ್ ಚೆನ್ನಾಗಿದೆ ಅಂದ ಮಾತ್ರಕ್ಕೆ ಸಮುದ್ರ ಅದರ ಮಾತು ಕೇಳಬೇಕಂತಿಲ್ಲ. ಈ ಮಾಡೆಲ್‌ನಲ್ಲಿ ಸಣ್ಣ ಮೀನಿಗೆ ತಿನ್ನೋಕೆ ಎಷ್ಟು ಬೇಕಾದ್ರೂ ಇದೆ, ಮರಿಗೂ ದೊಡ್ಡದಕ್ಕೂ ವ್ಯತ್ಯಾಸ ಇಲ್ಲ, ಬಲೆ ಎಲ್ಲಾ ಜಾತಿಯನ್ನೂ ಸಮನಾಗಿ ಹಿಡಿಯುತ್ತದೆ. ಅಂಕಿಗಳೂ ಅಷ್ಟೇ. ಅವು ಮಾರ್ಕೆಟ್ಟಿಗೆ ಬಂದ ಮೀನಿನ ಶೇಕಡಾವಾರು, ಸಮುದ್ರದಲ್ಲಿರುವ ಮೀನಿನದ್ದಲ್ಲ. ಯುದ್ಧದಲ್ಲಿ ಯಾವ ದೋಣಿ ಹೋಯ್ತು, ಎಷ್ಟು ದೂರ ಹೋಯ್ತು, ಯಾವ ಬಲೆ ಹಾಕಿತು ಅನ್ನೋದು ಬದಲಾದ್ರೂ ಶೇಕಡಾ ಬದಲಾಗಬಹುದು. ಎಗಾನ್ ಪಿಯರ್ಸನ್ ಅನ್ನೋ ಸಂಖ್ಯಾಶಾಸ್ತ್ರಜ್ಞ 1927ರಲ್ಲೇ ಇಂಥ ಅನುಮಾನ ಎತ್ತಿದ್ದರು.

ಡಾಂಕೋನಾ ತಮ್ಮ ಅಂಕಿಗಳಿಂದ ತೆಗೆದ ತೀರ್ಮಾನ, ಯುದ್ಧಕ್ಕೆ ಮುಂಚೆ ನಡೆಯುತ್ತಿದ್ದಷ್ಟು ಮೀನುಗಾರಿಕೆ ಸಮುದ್ರಕ್ಕೆ ಒಳ್ಳೆಯದೇ, ಅದನ್ನ ಕಡಿಮೆ ಮಾಡುವ ಅಗತ್ಯ ಇಲ್ಲ ಅಂತ. ಶಾರ್ಕ್ ಅಂದ್ರೆ ಆಗ ಬೇಡದ ಮೀನು. ಇವತ್ತು ಮೆಡಿಟರೇನಿಯನ್ ಸಮುದ್ರದ ಶಾರ್ಕ್, ತೊರಕೆ ಜಾತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಳಿವಿನ ಭಯದಲ್ಲಿವೆ. ಒಂದೇ ಈಕ್ವೇಶನ್ ಇನ್ನಷ್ಟು ಹಿಡೀರಿ ಅನ್ನೋರಿಗೂ ಸಿಗತ್ತೆ, ಇಲ್ಲಿಗೆ ನಿಲ್ಲಿಸಿ ಅನ್ನೋರಿಗೂ ಸಿಗತ್ತೆ. ಯಾವ ಸಾಲನ್ನ ಓದ್ತೀವಿ ಅನ್ನೋದು ನಮ್ಮ ಕೈಯಲ್ಲಿದೆ.

ಆ ಗಡಿಯನ್ನ ಜನ ಯಾಕೆ ದಾಟ್ತಾರೆ ಅನ್ನೋದಕ್ಕೆ ಉತ್ತರ ಗಣಿತಕ್ಕಿಂತ ಅರ್ಥಶಾಸ್ತ್ರದಿಂದ ಬಂತು. ಕೆನಡಾದ ಸ್ಕಾಟ್ ಗಾರ್ಡನ್ 1954ರಲ್ಲಿ ತೋರಿಸಿದರು: ಸಮುದ್ರ ಯಾರ ಸ್ವತ್ತೂ ಅಲ್ಲದಿದ್ದಾಗ, ಲಾಭ ಇರುವವರೆಗೂ ಹೊಸ ದೋಣಿಗಳು ಸೇರ್ತಾನೇ ಹೋಗುತ್ತವೆ, ಕೊನೆಗೆ ಯಾರಿಗೂ ಲಾಭ ಉಳಿಯಲ್ಲ, ಮೀನೂ ಕಮ್ಮಿ. ಯಾರೂ ಕೆಟ್ಟವರಲ್ಲ, ಲೆಕ್ಕವೇ ಹಾಗಿದೆ. ಅದಕ್ಕೇ ರಜೆ, ಮಿತಿ, ಬಲೆಯ ಕಣ್ಣಿನ ಅಳತೆ ಇಂಥ ನಿಯಮಗಳು ಬೇಕಾಗೋದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ದಡದಲ್ಲೇ ನಿಲ್ಲೋದೂ ಇಂಥದ್ದೇ ಒಂದು ನಿಯಮ. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ದೇಶದ ಬಂದರುಗಳಲ್ಲಿ ನಿಂತು ಯಾವ ಮೀನು ಎಷ್ಟು ಇಳಿಯಿತು ಅಂತ ಸ್ಯಾಂಪಲ್ ತೆಗೆದು ಬರೆಯುತ್ತಾರೆ. ಮಂಗಳೂರು, ಮಲ್ಪೆಯ ಧಕ್ಕೆಯಲ್ಲಿ ಬರೆಯುವ ಆ ಲೆಕ್ಕ ಫಿಯೂಮೆಯ ಪುಸ್ತಕದ ಸಂಬಂಧಿಯೇ.

ಸಹಿ ಹಾಕದ ಕೈ

ಮೀನಿನ ಲೆಕ್ಕ ಮಾಡುತ್ತಿದ್ದ ವರ್ಷಗಳಲ್ಲೇ ವೊಲ್ಟೆರಾ ಅವರ ಸುತ್ತ ದೇಶ ಬದಲಾಗ್ತಾ ಇತ್ತು. 1922ರಲ್ಲಿ ಮುಸೊಲಿನಿ ಅಧಿಕಾರಕ್ಕೆ ಬಂದ. ವೊಲ್ಟೆರಾ ಆಗ ಚಿಕ್ಕ ಆಸಾಮಿ ಅಲ್ಲ. 1923ರಿಂದ 1926ರವರೆಗೆ ಲಿಂಚೆಯಿ ಅಕಾಡೆಮಿಯ ಅಧ್ಯಕ್ಷರು, ದೇಶದ ಸಂಶೋಧನಾ ಮಂಡಳಿಯ ಮೊದಲ ಅಧ್ಯಕ್ಷರು. ಸುಮ್ಮನಿದ್ದರೆ ಎಲ್ಲವೂ ಉಳೀತಿತ್ತು. ಅವರು ಸುಮ್ಮನಿರಲಿಲ್ಲ. 1925ರಲ್ಲಿ ಫ್ಯಾಸಿಸ್ಟರ ವಿರುದ್ಧದ ಬುದ್ಧಿಜೀವಿಗಳ ಹೇಳಿಕೆಗೆ ಹೆಸರು ಹಾಕಿದರು. ಸೆನೆಟ್‌ನಲ್ಲಿ ವಿರೋಧ ಮುಂದುವರಿಸಿದರು.

1931ರಲ್ಲಿ ಯೂನಿವರ್ಸಿಟಿ ಪ್ರೊಫೆಸರ್‌ಗಳೆಲ್ಲ ಫ್ಯಾಸಿಸ್ಟ್ ಆಡಳಿತಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕು ಅಂತ ಆದೇಶ ಬಂತು. ದೇಶದಲ್ಲಿದ್ದವರು 1200ಕ್ಕೂ ಹೆಚ್ಚು ಪ್ರೊಫೆಸರ್‌ಗಳು. ಒಲ್ಲೆ ಅಂದವರು ಸುಮಾರು ಹನ್ನೆರಡು ಜನ. ಅದರಲ್ಲಿ 71 ವರ್ಷದ ವೊಲ್ಟೆರಾ ಒಬ್ಬರು. ರೋಮ್‌ನಲ್ಲಿ 31 ವರ್ಷ ಪಾಠ ಮಾಡಿದ ಕುರ್ಚಿ ಹೋಯ್ತು. 1934ರಲ್ಲಿ ಅಕಾಡೆಮಿಗಳಿಗೂ ಅಂಥದ್ದೇ ಪ್ರಮಾಣ ಬಂತು, ಅದಕ್ಕೂ ಒಲ್ಲೆ ಅಂದರು, ತಾವೇ ಅಧ್ಯಕ್ಷರಾಗಿದ್ದ ಲಿಂಚೆಯಿಯಿಂದಲೂ ಹೊರಬಿದ್ದರು.

ಈ ಭಾಗ ಓದಿದಾಗ ನಮಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಸರಿ ಇದ್ಯೋ ಇಲ್ವೋ ನೋಡದೆ ನಾವು ಎಷ್ಟು ಕಡೆ ಸಹಿ ಹಾಕ್ತೀವಿ! ರೀಡಿಂಗ್ ಸರಿ ಬರದಿದ್ರೆ ಸೀನಿಯರ್ ರೆಕಾರ್ಡ್ ನೋಡಿ ತುಂಬಿಸಿದ ದಿನಗಳೂ ಇವೆ. ಅವರದ್ದು ಎಲ್ಲಿ, ನಮ್ಮದು ಎಲ್ಲಿ, ಹೋಲಿಕೆ ಮಾಡೋಕೂ ನಾಚಿಕೆ. ಆದರೂ ನೆನಪಾಗೋದು ನೆನಪಾಗತ್ತೆ.

ಕುರ್ಚಿ ಹೋದ ಮೇಲೂ ಅವರು ಮೀನಿನ ಲೆಕ್ಕ ಬಿಡಲಿಲ್ಲ. ಜೀವಿಗಳ ಹೋರಾಟದ ಗಣಿತದ ಬಗ್ಗೆ ಪ್ಯಾರಿಸ್‌ನಲ್ಲಿ ಕೊಟ್ಟಿದ್ದ ಉಪನ್ಯಾಸಗಳು 1931ರಲ್ಲೇ ಫ್ರೆಂಚ್ ಭಾಷೆಯಲ್ಲಿ ಪುಸ್ತಕವಾದವು. 1935ರಲ್ಲಿ ಅಳಿಯ ಡಾಂಕೋನಾ ಜೊತೆ ಇನ್ನೊಂದು ಪುಸ್ತಕ ಬಂತು, ಅದೂ ಪ್ಯಾರಿಸ್‌ನಿಂದ. 1936ರಲ್ಲಿ ಪೋಪ್ ಅವರ ವಿಜ್ಞಾನ ಅಕಾಡೆಮಿ ಅವರನ್ನ ಸದಸ್ಯರನ್ನಾಗಿ ಮಾಡಿಕೊಂಡಿತು. 1938ರಲ್ಲಿ ಯಹೂದಿಗಳ ವಿರುದ್ಧದ ಕಾನೂನುಗಳು ಬಂದವು. ಆರೋಗ್ಯವೂ ಕೆಟ್ಟಿತ್ತು. 1940ರ ಅಕ್ಟೋಬರ್ 11ರಂದು ರೋಮ್‌ನಲ್ಲಿ ತೀರಿಕೊಂಡರು. ಊರಿನ ಹತ್ತಿರದ ಅರಿಚ್ಚಾ ಅನ್ನೋ ಹಳ್ಳಿಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಇದನ್ನೆಲ್ಲ ಓದಿದ ಮೇಲೆ ನಾವು ಆ ಹಳೇ ಲ್ಯಾಬ್ ಪ್ರೋಗ್ರಾಂ ಮತ್ತೆ ತೆಗೆದ್ವಿ. ಮೊಲ, ನರಿ ಅಳಿಸಿ ಸಣ್ಣ ಮೀನು, ಶಾರ್ಕ್ ಅಂತ ಬರೆದ್ವಿ. ಬಲೆಗೆ ಒಂದು ವೇರಿಯಬಲ್ ಸೇರಿಸಿದ್ವಿ. ಮೊದಲ ಸಾರಿ ರನ್ ಮಾಡಿದಾಗ ಗ್ರಾಫ್ ಸುತ್ತು ಮುಚ್ಚದೆ ಹೊರಗೆ ಹೊರಗೆ ಹೋಯ್ತು. ಟೈಮ್ ಸ್ಟೆಪ್ ದೊಡ್ಡದಿತ್ತು. ಸಮುದ್ರದಲ್ಲಿ ಆ ತರ ಏನೂ ಇಲ್ಲ, ತಪ್ಪು ನಮ್ಮ ಲೂಪ್‌ನದ್ದು. ಹದಿಮೂರು ವರ್ಷದ ವಿಟೊ ಮಾಡಿದ ಹಾಗೆ ಕಾಲವನ್ನ ಇನ್ನೂ ಸಣ್ಣ ತುಂಡು ಮಾಡಿದ ಮೇಲೆ ಸುತ್ತು ಹತ್ತಿರ ಹತ್ತಿರ ಮುಚ್ಚಿಕೊಳ್ತು. ಬಲೆಯ ದರ 0.2 ಹಾಕಿದ್ವಿ, ಸಣ್ಣ ಮೀನಿನ ಸರಾಸರಿ 35ರ ಹತ್ತಿರ ಬಂತು. 1 ದಾಟಿಸಿದ್ವಿ, ಎರಡೂ ಗೆರೆ ನೆಲಕ್ಕಿಳಿದ್ವು.

ನೀವೂ ಒಂದು ಸಾರಿ ಮಾಡಿ ನೋಡಿ. ಫಿಯೂಮೆಯ ಹತ್ತು ಅಂಕಿ ಮೇಲೆ ಕೊಟ್ಟಿದ್ದೀವಿ. ಪ್ಲಾಟ್ ಮಾಡುವಾಗ ಒಂದು ವಿಷಯ ನೆನಪಿರಲಿ, ಯುದ್ಧ ನಡೀತಿದ್ದಾಗಲೂ ಮಾರ್ಕೆಟ್ಟಿನಲ್ಲಿ ಯಾರೋ ಒಬ್ಬರು ಕೂತು ಅಷ್ಟೂ ವರ್ಷ ಲೆಕ್ಕ ಬರೆದಿಟ್ಟರು. ಅವರ ಹೆಸರು ಯಾವ ಥಿಯರಮ್ಮಿನ ಮೇಲೂ ಇಲ್ಲ. ಅವರು ಸರಿಯಾಗಿ ಬರೆದಿಟ್ಟಿದ್ದಕ್ಕೇ ವೊಲ್ಟೆರಾ ಅವರಿಗೆ ಕೇಳೋಕೆ ಒಂದು ಪ್ರಶ್ನೆ ಸಿಕ್ಕಿತು.